ಮಲಗಿ ಗೆದ್ದ ಅಕ್ಕ

ನಾನು ಈಗ ಕೆಲಸ ಮಾಡುವ ಮೈಸೂರಿನ ಆಸ್ಪತ್ರೆಯಲ್ಲಿ ಒಂದು ಸ್ಮರಣ ಸಂಚಿಕೆ ತರುತ್ತಿದ್ದಾರೆ. ‘ನಿಮ್ಮನ್ನು ರೂಪಿಸಿದ ಗುರುಗಳ ಬಗ್ಗೆ ನಾಲ್ಕು ಪುಟ ಬರೆದುಕೊಡಿ ಮೇಡಂ’ ಎಂದು ಸಂಪಾದಕರು ಬೆನ್ನು ಹತ್ತಿದರು. ಗುರುಗಳಿಗೇನು ನನಗೆ ಕೊರತೆ ಇರಲಿಲ್ಲ. ಒಬ್ಬರು ಹೊಲಿಗೆ ಹಾಕಲು ಕಲಿಸಿದರು, ಇನ್ನೊಬ್ಬರು ಬೈಗುಳ ತಿಂದು ಅರಗಿಸಿಕೊಳ್ಳಲು ಕಲಿಸಿದರು. ಆದರೆ ಬರೆಯಲು ಕೂತಾಗ ಕಣ್ಣ ಮುಂದೆ ಬಂದು ನಿಂತದ್ದು ಗುರುವಲ್ಲ, ಚೆನ್ನೈಯಲ್ಲಿ ಸ್ನಾತಕೋತ್ತರ ಓದುವಾಗ ನನಗಿಂತ ಎರಡು ವರ್ಷ ಮುಂದಿದ್ದ ಒಬ್ಬ ವಿದ್ಯಾರ್ಥಿನಿ. ಫೋನು ಮಾಡಿ ಅಪ್ಪಣೆ ಕೇಳಿದೆ.

“ಬರಿ ಮಾ. ಆನಾ ಪೇರು ಹಾಕ್ಬೇಡ. ಪೇರು ಹಾಕಿದ್ರೆ ನಾನೊಬ್ಳೇ ಮಾಡ್ದ ಹಾಗಾಗತ್ತೆ,” ಎಂದರು.

‘ಆನಾ’ ಎಂದರೆ ತಮಿಳಿನಲ್ಲಿ ‘ಆದರೆ’, ‘ಪೇರು’ ಎಂದರೆ ಹೆಸರು. ಅವರ ಕನ್ನಡವೇ ಹಾಗೆ. ತಾತ ರೈಲ್ವೆ ಕೆಲಸ ಸಿಕ್ಕಿ ಮೈಸೂರು ಕಡೆಯಿಂದ ಬಂದು ಚೆನ್ನೈ ಅಂಚಿನ ತಾಂಬರಂನಲ್ಲಿ ನೆಲೆ ನಿಂತವರು. ಮೂರು ತಲೆಮಾರಿನಲ್ಲಿ ಮನೆಯ ಮಾತು ಬಿಸಿಬೇಳೆಬಾತಿನ ಹಾಗೆ ಆಗಿತ್ತು, ಅಕ್ಕಿ ಯಾವುದು ಬೇಳೆ ಯಾವುದು ಎಂದು ಬಿಡಿಸಲು ಸಾಧ್ಯವಿರಲಿಲ್ಲ. ಆಸ್ಪತ್ರೆಯಲ್ಲಿ ಹಿರಿಯ ವಿದ್ಯಾರ್ಥಿನಿಯರನ್ನೆಲ್ಲ ‘ಅಕ್ಕಾ’ ಎಂದು ಕರೆಯುವುದು ಅಲ್ಲಿಯ ರೂಢಿ. ಅದು ಎರಡು ಭಾಷೆಗೂ ಒಗ್ಗುವ ಪದ. ಹಾಗಾಗಿ ಇಲ್ಲಿ ಅವರು ಬರೀ ಅಕ್ಕ.

ನಾನು ಮಂಡ್ಯದವಳು. ತಮಿಳು ಓದಲು ಬಾರದು, ಕೇಳಿದರೆ ಅರ್ಧ ಅರ್ಥವಾಗುತ್ತದೆ, ಆ ಅರ್ಧವೂ ತಪ್ಪಾಗಿ. ಮೊದಲ ದಿನ ಆಸ್ಪತ್ರೆಯ ಗೇಟಿನಲ್ಲಿ ದಾರಿ ಕೇಳಿದಾಗ ಕಾವಲಿನವರು ‘ಅವಸರ ಸಿಕಿಚ್ಚೈ’ ಬೋರ್ಡಿನ ಪಕ್ಕ ತಿರುಗಿ ಎಂದರು. ಇದೇನಪ್ಪ, ಅವಸರದಲ್ಲಿ ಚಿಕಿತ್ಸೆ ಮಾಡುತ್ತೇವೆ ಎಂದು ಬೋರ್ಡು ಹಾಕಿಕೊಂಡ ಆಸ್ಪತ್ರೆ ಎಂದು ಒಬ್ಬಳೇ ನಕ್ಕೆ. ಹಿಂದಿನಿಂದ ಯಾರೋ ಕನ್ನಡದಲ್ಲಿ, “ತುರ್ತು ಚಿಕಿತ್ಸೆ ಅಂತ ಅದು. ಹೊಸಬಳಾ? ನಿದ್ದೆ ಆಯ್ತಾ?” ಎಂದರು. ತಿರುಗಿ ನೋಡಿದರೆ ಕುಳ್ಳಗಿನ, ಜಡೆಯೊಳಗೆ ಪೆನ್ನು ಸಿಕ್ಕಿಸಿಕೊಂಡ, ಬಿಳಿ ಕೋಟಿನ ಜೇಬಿನಿಂದ ಬಿಸ್ಕತ್ತು ತೆಗೆದು ತಿನ್ನುತ್ತಿದ್ದ ಹೆಂಗಸು. ಒಂದು ಬಿಸ್ಕತ್ತು ನನ್ನ ಕೈಗೂ ಬಂತು.

ಜನ ಒಬ್ಬರನ್ನೊಬ್ಬರು ಕಂಡಾಗ ಊಟ ಆಯ್ತಾ ಎನ್ನುತ್ತಾರೆ. ಅಕ್ಕ ಕೇಳುತ್ತಿದ್ದುದು ನಿದ್ದೆ ಆಯ್ತಾ ಎಂದು. ಉತ್ತರವನ್ನೂ ನಂಬುತ್ತಿರಲಿಲ್ಲ. ರಕ್ತಹೀನತೆ ನೋಡುವ ಹಾಗೆ ಹೆಬ್ಬೆರಳಿನಿಂದ ನಮ್ಮ ಕೆಳರೆಪ್ಪೆ ಎಳೆದು ನೋಡಿ, “ಸುಳ್ಳು,” ಎನ್ನುತ್ತಿದ್ದರು. ಆಮೇಲೆ ವಾರ್ಡಿನ ಬಟ್ಟೆ ಬೀರುವಿನ ಹಿಂದೆ ನಮ್ಮನ್ನು ನೂಕಿ, ಸ್ವಲ್ಪ ಹೊತ್ತು ನಮ್ಮ ಕೆಲಸವನ್ನು ತಾವೇ ಮಾಡುತ್ತಿದ್ದರು. ಆ ಬೀರುವಿನ ಹಿಂದೆ ನಿಂತುಕೊಂಡೇ ಮಲಗುವ ವಿದ್ಯೆಯನ್ನು ನಾವೆಲ್ಲ ಕಲಿತೆವು. ಯಾವ ಪಠ್ಯಪುಸ್ತಕದಲ್ಲೂ ಇಲ್ಲದ ವಿದ್ಯೆ ಅದು.

ನಮ್ಮದು ಹೆರಿಗೆ ವಿಭಾಗ. ಬೆಳಿಗ್ಗೆ ಕೆಲಸಕ್ಕೆ ಹೋದವರು ರಾತ್ರಿಯಿಡೀ ಅಲ್ಲೇ ಇದ್ದು, ಮರುದಿನ ಬೆಳಿಗ್ಗೆ ಮುಖ ತೊಳೆದುಕೊಂಡು, ನಡುವೆ ರಾತ್ರಿ ಎಂಬುದೇ ಆಗಿಲ್ಲವೇನೋ ಎಂಬಂತೆ ಮತ್ತೆ ಸಂಜೆಯವರೆಗೆ ದುಡಿಯಬೇಕಿತ್ತು. ಆ ಮರುದಿನಕ್ಕೆ ‘ಪೋಸ್ಟ್ ಡ್ಯೂಟಿ’ ಎಂದು ಹೆಸರು. ಹೆಸರು ಕೇಳಿದರೆ ಡ್ಯೂಟಿ ಮುಗಿದಿದೆ ಅನ್ನಿಸುತ್ತದೆ, ಆದರೆ ಮುಗಿಯುತ್ತಿರಲಿಲ್ಲ. ಆ ಒಂದು ದಿನ ಮನೆಗೆ ಹೋಗಿ ಮಲಗಲು ಬಿಡಿ ಎಂಬುದಷ್ಟೇ ಅಕ್ಕನ ಬೇಡಿಕೆ. ಅದಕ್ಕೆ ಕಲಿಯುವ ಡಾಕ್ಟರುಗಳದ್ದೇ ಒಂದು ಸಂಘ ಬೇಕು ಎನ್ನುತ್ತಿದ್ದರು.

ನಮ್ಮ ಯೂನಿಟ್ಟಿನ ಮುಖ್ಯಸ್ಥೆಯನ್ನು ಎಲ್ಲರೂ ‘ಚೀಫ್’ ಎನ್ನುತ್ತಿದ್ದರು. ಗಂಜಿ ಹಾಕಿದ ಕಾಟನ್ ಸೀರೆ, ನೆಟ್ಟಗಿನ ಬೆನ್ನು. ಕೈಯಂತೂ ಬಂಗಾರ: ಅಡ್ಡ ತಿರುಗಿದ ಮಗುವನ್ನು ಅವರು ಹೊರಗಿನಿಂದ ಮುಟ್ಟಿ ಮುಟ್ಟಿ ಸರಿಮಾಡುವುದನ್ನು ನೋಡಲು ಬೇರೆ ಯೂನಿಟ್ಟಿನವರೂ ಬಂದು ನಿಲ್ಲುತ್ತಿದ್ದರು. ಯಾರಾದರೂ ಸುಸ್ತು ಎಂದರೆ ಅವರದು ಒಂದೇ ಮಾತು, “ನಾವು ಮಾಡಲಿಲ್ಲವೇ?” ಅದಕ್ಕೆ ಎದುರು ಏನು ಹೇಳುವುದು? ಮಾಡಿದ್ದು ನಿಜವೇ.

ಚೀಫ್ ಕಿವಿಗೆ ಬಿದ್ದರೆ ಕಷ್ಟ ಎಂದು ಅಕ್ಕ ಸಂಘದ ಸಭೆಗೆ ‘ಜರ್ನಲ್ ಕ್ಲಬ್’ ಎಂದು ಹೆಸರಿಟ್ಟರು. ಹೊಸ ವೈದ್ಯಕೀಯ ಲೇಖನ ಓದಿ ಚರ್ಚಿಸುವ ಕೂಟಕ್ಕೆ ಎಲ್ಲ ವಿಭಾಗಗಳಲ್ಲೂ ಇರುವ ಹೆಸರು ಅದು. ವಾಟ್ಸಾಪ್ ಗುಂಪಿಗೂ ಅದೇ ಹೆಸರು. ಮಧ್ಯಾಹ್ನದ ಊಟದ ಬಿಡುವಿನಲ್ಲಿ ವಾರ್ಡಿನ ಮೇಲಿನ ಪಾಠದ ಕೋಣೆಯಲ್ಲಿ ಸೇರುತ್ತಿದ್ದೆವು. ಅಲ್ಲೇ ಅಕ್ಕ ತಮ್ಮ ತಂದೆಯ ಮಾತು ತೆಗೆದದ್ದು. ಅವರು ಚೆನ್ನೈ ಬೀಚ್ ಸ್ಟೇಷನ್‌ನಿಂದ ತಾಂಬರಂಗೆ ಓಡುವ ಎಲೆಕ್ಟ್ರಿಕ್ ಟ್ರೈನಿನ ಮೋಟಾರ್‌ಮನ್ ಆಗಿ ನಿವೃತ್ತರಾದವರು.

“ನಮ್ಮಪ್ಪ ರಾತ್ರಿ ವಂಡಿ ಓಡ್ಸಿ ಬಂದ್ರೆ ರೆಸ್ಟ್ ಆಗ್ದೆ ತಿರುಗಿ ವಂಡಿ ಹತ್ತೋ ಹಾಗಿಲ್ಲ. ರೂಲು. ಅದನ್ನ ಯಾರೂ ಸುಮ್ನೆ ಕೊಡ್ಲಿಲ್ಲ, ಅವ್ರ ಯೂನಿಯನ್ ಕೇಳಿ ಇಸ್ಕೊಂಡಿದ್ದು. ವಂಡಿ ಓಡ್ಸೋಕೆ ರೆಸ್ಟ್ ಬೇಕು, ಹೊಟ್ಟೆ ಕುಯ್ಯೋಕೆ ಬೇಡ್ವಾ?”

ಕಷ್ಟ ಎಲ್ಲಿಂದ ಬಂತೆಂದರೆ, ಈ ಬ್ಯಾಚು ಊಟ ಬಿಟ್ಟು ಜರ್ನಲ್ ಕ್ಲಬ್ ನಡೆಸುತ್ತಿದೆ ಎಂಬ ಸುದ್ದಿ ಚೀಫ್‌ಗೆ ಮುಟ್ಟಿ ಅವರಿಗೆ ಖುಷಿಯೋ ಖುಷಿ. ಒಂದು ದಿನ ಸಭೆ ಕಾವೇರಿದ್ದಾಗ ಬಾಗಿಲು ತೆರೆಯಿತು. ಚೀಫ್! ಕೈಯಲ್ಲಿ ಕ್ಯಾಂಟೀನಿನ ಬೋಂಡದ ಪೊಟ್ಟಣ. “ನಿಲ್ಲಿಸಬೇಡಿ, ಮುಂದುವರಿಸಿ. ಇವತ್ತು ಏನು ಚರ್ಚೆ?” ಎಂದು ಮುಂದಿನ ಸಾಲಿನಲ್ಲಿ ಕೂತೇಬಿಟ್ಟರು. ಅಕ್ಕ ಜಡೆಯಿಂದ ಪೆನ್ನು ತೆಗೆದು, ಕಣ್ಣು ಮಿಟುಕಿಸದೆ, “ಒಂದು ಕೇಸ್ ಮೇಡಂ. ಡಯಾಗ್ನೋಸಿಸ್ ಆಗ್ತಿಲ್ಲ,” ಎಂದರು.

“ಹೇಳಿ.”

“ಯುವತಿ. ಕೈ ನಡುಗುತ್ತೆ. ಹೇಳಿದ್ದನ್ನೇ ಮತ್ತೆ ಹೇಳ್ತಾಳೆ. ಬೆಳಿಗ್ಗೆ ತಿಂಡಿ ತಿಂದಳೋ ಇಲ್ಲವೋ ನೆನಪಿಲ್ಲ. ನಿನ್ನೆ ತಾಯಿ ಫೋನ್ ಮಾಡಿದಾಗ, ‘ಹೇಳಮ್ಮಾ, ನೋವು ಎಷ್ಟು ಹೊತ್ತಿಗೊಂದು ಸಲ ಬರ್ತಿದೆ?’ ಅಂತ ಕೇಳಿದ್ದಾಳೆ.”

ಚೀಫ್ ಬೋಂಡ ಕೆಳಗಿಟ್ಟರು. ಒಳ್ಳೆಯ ಕೇಸ್ ಎಂದರೆ ಅವರಿಗೆ ಲೋಕವೇ ಮರೆತುಹೋಗುತ್ತಿತ್ತು. ಥೈರಾಯ್ಡ್ ನೋಡಿದಿರಾ? ಸರಿಯಾಗಿದೆ ಮೇಡಂ. ರಕ್ತ? ಸರಿಯಾಗಿದೆ. ಸಕ್ಕರೆ? ಅದೂ ಸರಿ. ಚೀಫ್ ಸ್ವಲ್ಪ ಯೋಚಿಸಿ, “ನಿದ್ದೆ ಹೇಗೆ?” ಎಂದರು.

“ಮೊನ್ನೆಯಿಂದ ಇಲ್ಲ ಮೇಡಂ. ಕೆಲಸ ಮಾತ್ರ ಮಾಡ್ತಾನೇ ಇದ್ದಾಳೆ.”

“ಮತ್ತೆ ಇಷ್ಟು ಹೊತ್ತು ಏನು ಚರ್ಚೆ? ಮೊದಲು ಅವಳನ್ನು ಮಲಗಿಸಿ! ಇಂಥ ಸ್ಥಿತಿಯಲ್ಲಿ ಕೆಲಸಕ್ಕೆ ಹಚ್ಚಿದ್ದಾರಲ್ಲ, ಆ ಮನೆಯವರಿಗೆ ಬುದ್ಧಿ ಇದೆಯೇ? ಎಲ್ಲಿದ್ದಾಳೆ ಪೇಷೆಂಟ್?”

ಅಕ್ಕ ಪೆನ್ನಿನ ತುದಿಯಿಂದ ಮೂರನೇ ಸಾಲಿನಲ್ಲಿ ಕೂತಿದ್ದ ನನ್ನನ್ನು ತೋರಿಸಿದರು. “ಅಲ್ಲೇ ಕೂತಿದಾಳೆ ಮೇಡಂ. ಮನೆಯವರು ನಾವೇ.”

ನನ್ನ ಅಮ್ಮನ ಫೋನಿನ ಕಥೆಯನ್ನು ನಾನೇ ಅಕ್ಕನಿಗೆ ಹೇಳಿ ನಕ್ಕಿದ್ದೆ, ಅದು ಹೀಗೆ ಚೀಫ್ ಮುಂದೆ ಬಂದು ನಿಲ್ಲುತ್ತದೆ ಎಂದು ಯಾರಿಗೆ ಗೊತ್ತಿತ್ತು! ಚೀಫ್ ಎದ್ದು ನಿಂತು, “ಇದು ಜರ್ನಲ್ ಕ್ಲಬ್ ಅಲ್ಲ. ಯೂನಿಯನ್. ಡಾಕ್ಟರುಗಳು ಕೂಲಿಯವರಲ್ಲ, ಯೂನಿಯನ್ ಕಟ್ಟಲು,” ಎಂದರು.

“ಮೇಡಂ, ನಮ್ಮ ವಾರ್ಡಿನ ಬಾಗಿಲ ಮೇಲೆ ಲೇಬರ್ ಅಂತಲೇ ಬರೆದಿದೆ,” ಎಂದರು ಅಕ್ಕ. ವ್ಯಂಗ್ಯ ಒಂದಿಷ್ಟೂ ಇಲ್ಲದ ದನಿಯಲ್ಲಿ, ವಿನಯವಾಗಿ. ಹಿಂದಿನ ಸಾಲಿನಲ್ಲಿ ಯಾರೋ ನಗು ತಡೆಯಲಾರದೆ ಕೆಮ್ಮಿದರು. ಚೀಫ್ ಹೊರಟುಹೋದರು, ಬೋಂಡ ಅಲ್ಲೇ ಉಳಿಯಿತು. ನಾವು ತಿಂದೆವು ಎಂಬುದನ್ನೂ ಹೇಳಬೇಕು. ಹಸಿವಾಗಿತ್ತು.

ನಗು ಮರುದಿನಕ್ಕೆ ಇಳಿಯಿತು. ಚೀಫ್ ಅಕ್ಕನನ್ನು ಕರೆಸಿ, ಥೀಸಿಸ್ಸಿಗೆ ತಮ್ಮ ಸಹಿ ಬೀಳಬೇಕೆಂಬುದನ್ನು ನೆನಪಿಸಿದರು. ಸಹಿ ಬೀಳದಿದ್ದರೆ ಪರೀಕ್ಷೆಗೆ ಕೂರುವಂತಿಲ್ಲ, ಅವಧಿ ಮುಂದಕ್ಕೆ ಹೋಗುತ್ತದೆ. ಆಗ ಅಕ್ಕನ ಓದು ಮುಗಿಯಲು ಕೆಲವೇ ತಿಂಗಳು ಬಾಕಿ. ಕೇಳಿದ ರಜೆ ಸಿಕ್ಕರೂ ಅವರಿಗೆ ಅದರಿಂದ ಹೆಚ್ಚೇನೂ ದಕ್ಕುತ್ತಿರಲಿಲ್ಲ, ಸಿಗದಿದ್ದರೆ ಕಳೆದುಕೊಳ್ಳುವವರು ಮಾತ್ರ ಅವರೊಬ್ಬರೇ. ನನಗೆ ಹೆದರಿಕೆಯಾಯಿತು. ಇನ್ನೇನು ಹೊರಡುವವರು, ನಿಮಗೇಕೆ ಅಕ್ಕಾ ಈ ಉಸಾಬರಿ ಎಂದು ಕೇಳಿಯೇಬಿಟ್ಟೆ.

“ನಂಗೆ ಸಿಗಲ್ಲ ಅಂತ್ಲೇ ಗಟ್ಟಿಯಾಗಿ ಕೇಳ್ಬಹುದು ಮಾ. ತನಗೇ ಬೇಕಾದೋರು ಕೇಳಿದ್ರೆ ದನಿ ಸಣ್ಣಗಾಗತ್ತೆ,” ಎಂದು ಬಿಸ್ಕತ್ತು ಮುರಿದು ಅರ್ಧ ನನಗೆ ಕೊಟ್ಟರು.

ಆಮೇಲೆ ಅಕ್ಕ ಹೂಡಿದ ಮುಷ್ಕರದಂಥದ್ದನ್ನು ನಾನು ಎಲ್ಲೂ ಕಂಡಿಲ್ಲ. ಕೆಲಸ ನಿಲ್ಲಿಸುವುದು ಬೇಡ ಎಂದರು. ಹೆರಿಗೆ, ಆಪರೇಷನ್, ತುರ್ತು ಚಿಕಿತ್ಸೆ, ಯಾವುದೂ ಒಂದು ಗಳಿಗೆಯೂ ನಿಲ್ಲಕೂಡದು. ಡ್ಯೂಟಿಯಲ್ಲಿದ್ದವರು ಡ್ಯೂಟಿಯಲ್ಲೇ ಇರಬೇಕು. ರಾತ್ರಿ ಡ್ಯೂಟಿ ಮುಗಿಸಿದವರು ಮಾತ್ರ ಬೆಳಿಗ್ಗೆ ಹೊಸಬರಿಗೆ ಕೆಲಸ ಒಪ್ಪಿಸಿ, ಕೆಳಗಿಳಿದು ಬಂದು, ಆಸ್ಪತ್ರೆಯ ಮುಂಬಾಗಿಲ ಪೋರ್ಟಿಕೋದಲ್ಲಿ ಹೊದಿಕೆ ಹಾಸಿ ಮಲಗಬೇಕು. ಅಷ್ಟೇ. ಘೋಷಣೆ ಇಲ್ಲ, ಭಾಷಣ ಇಲ್ಲ. ಕಂಬಕ್ಕೆ ಒಂದು ರಟ್ಟು ತೂಗುಹಾಕಿದರು. ಅದರಲ್ಲಿ ತಮಿಳಿನಲ್ಲಿ ಹೀಗಿತ್ತು: ‘ರಾತ್ರಿ ಡ್ಯೂಟಿ ಮುಗಿಸಿ ಮಲಗಿದ್ದೇವೆ. ತುರ್ತು ಇದ್ದರೆ ಎಬ್ಬಿಸಿ.’

ಬೇರೆ ಬೇರೆ ವಿಭಾಗಗಳಿಂದ ಬಂದವರು ಸಾಲಾಗಿ ಮಲಗಿದರು. ಮೊದಲು ಕೆಲವರು ಕಣ್ಣು ಮುಚ್ಚಿ ನಟಿಸಿದರು. ಆದರೆ ನಟಿಸಲು ಎಚ್ಚರವಾದರೂ ಇರಬೇಕಲ್ಲ? ಸ್ವಲ್ಪ ಹೊತ್ತಿಗೆಲ್ಲ ಪೋರ್ಟಿಕೋ ತುಂಬ ಅಪ್ಪಟ ಗೊರಕೆ. ಬಿಳಿ ಕೋಟುಗಳು ನೆಲದ ಮೇಲೆ ಬಿದ್ದಿರುವುದನ್ನು ಕಂಡು ಹೊರರೋಗಿಗಳು ಗಾಬರಿಯಾದರು, ರಟ್ಟು ಓದಿದರು, ಚಪ್ಪಲಿ ಕೈಗೆತ್ತಿಕೊಂಡು ಬದಿಯಿಂದ ಹೋದರು. ಗೇಟಿನ ಬಳಿಯ ಆಟೋದವರು ಹಾರ್ನ್ ಹೊಡೆಯುವವರನ್ನು ಬೈಯತೊಡಗಿದರು. ಒಬ್ಬ ಅಜ್ಜಿ, ಹಿಂದಿನ ರಾತ್ರಿ ಮೊಮ್ಮಗಳು ಹುಟ್ಟಿದ್ದು ಅಕ್ಕನ ಕೈಯಲ್ಲಿ, ಬಂದು ಪಕ್ಕದಲ್ಲಿ ಕೂತು ಸೆರಗಿನಿಂದ ಗಾಳಿ ಹಾಕಿದಳು. ಒಬ್ಬ ಮಹಾಶಯರು ಮಾತ್ರ ಅಕ್ಕನನ್ನು ಅಲುಗಿಸಿ ಎಬ್ಬಿಸಿ ಎಕ್ಸ್‌ರೇ ಕೋಣೆ ಎಲ್ಲಿ ಎಂದು ಕೇಳಿದರು. ಅಕ್ಕ ಕಣ್ಣು ತೆರೆಯದೆ ದಾರಿ ಹೇಳಿ ಮತ್ತೆ ಮಲಗಿದರು.

ಹೀಗೆ ಕೆಲವು ದಿನ ನಡೆಯಿತು. ಯಾರೋ ಫೋನಿನಲ್ಲಿ ಹಿಡಿದ ಚಿತ್ರ ಊರೆಲ್ಲ ಸುತ್ತಿತು. ಕೊನೆಗೆ ಡೀನ್ ಸಾಹೇಬರು ಪೋರ್ಟಿಕೋಗೆ ಇಳಿದು ಬಂದರು, ಹಿಂದೆ ಚೀಫ್. ಆವತ್ತು ಮಲಗಿದವರಲ್ಲಿ ನಾನೂ ಇದ್ದೆ. ಡೀನ್ ತಮಿಳಿನಲ್ಲಿ ಸಾವಧಾನವಾಗಿ ಶುರು ಮಾಡಿದರು: ಜನ ಕಡಿಮೆ ಇದ್ದಾರೆ, ಎಲ್ಲ ಕಡೆಯೂ ಹೀಗೇ ಇದೆ, ಮುಂದಿನ ಬ್ಯಾಚು ಬರಲಿ, ಒಂದು ಸಮಿತಿ ಮಾಡೋಣ. ಆ ದನಿ ನನ್ನ ನಿದ್ದೆಯೊಳಗೆ ಇಳಿದು ಕಿವಿಯಲ್ಲಿ ಜೀರುಂಡೆಯ ಹಾಗೆ ಗುಂಯ್‌ಗುಟ್ಟಿತು. ನಿದ್ದೆಗಣ್ಣಿನಲ್ಲಿ ಎದ್ದು ಕೂತೆ. ನಾನು ಎಲ್ಲಿದ್ದೇನೆ, ಎದುರಿಗಿರುವವರು ಯಾರು, ಒಂದೂ ಗೊತ್ತಿಲ್ಲ. ಬಾಯಿಂದ ಬಂದದ್ದು ಹುಟ್ಟಿದ ಊರಿನ ಮಾತು, ಗಟ್ಟಿಯಾಗಿ: “ಸಾಕು! ಸಾಕು!”

ನಾನು ಹೇಳಿದ್ದು ಇನ್ನು ನಿಲ್ಲಿಸಿ ಎಂದು. ಆದರೆ ತಮಿಳಿನಲ್ಲಿ ‘ಸಾಕ್ಕು’ ಎಂದರೆ ನೆಪ, ಕುಂಟುನೆಪ. ಪಕ್ಕದಲ್ಲಿ ಮಲಗಿದ್ದ ಮಧುರೈಯ ಹುಡುಗಿಗೆ ಕೇಳಿಸಿದ್ದು ಅದೇ. ಈ ಸಾಧು ಕನ್ನಡದವಳೇ ಡೀನ್ ಮುಖದೆದುರು ಎದ್ದು ಎಲ್ಲ ನೆಪ, ಎಲ್ಲ ನೆಪ ಎನ್ನುತ್ತಿದ್ದಾಳೆ ಎಂದು ಅವಳಿಗೆ ರೋಮಾಂಚನವಾಗಿರಬೇಕು. ಅವಳೂ ಎದ್ದು ಕೂಗಿದಳು, “ಸಾಕ್ಕು!” ಅವಳ ಆಚೆಯವನು ಕೂಗಿದ. ನಿದ್ದೆಯಿಂದ ಎದ್ದ ಸಾಲೆಲ್ಲ ಕೂಗಿತು. ಗಾಳಿ ಹಾಕಲು ಕೂತ ಅಜ್ಜಿಯಂದಿರು, ಔಷಧಿ ಚೀಟಿ ಹಿಡಿದ ಗಂಡಂದಿರು, ಆಟೋದವರು ಕೂಗಿದರು. ಘೋಷಣೆಯೇ ಬೇಡ ಎಂದಿದ್ದ ಮುಷ್ಕರಕ್ಕೆ ಒಂದು ಘೋಷಣೆ ತಾನಾಗಿ ಹುಟ್ಟಿತು. ಅದನ್ನು ಹುಟ್ಟಿಸಿದ ನಾನು ಮಾತ್ರ, ಇವರೆಲ್ಲ ಕನ್ನಡ ಯಾವಾಗ ಕಲಿತರು ಎಂದು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ.

ಆ ಗುಂಪಿನಲ್ಲಿ ಎರಡೂ ಅರ್ಥ ಗೊತ್ತಿದ್ದವರು ಅಕ್ಕ ಒಬ್ಬರೇ. ಕಂಬಕ್ಕೆ ಒರಗಿ, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು. ಆಮೇಲೆ ಕಣ್ಣೊರೆಸಿಕೊಂಡು, ಕೋಟು ಕೊಡವಿ, ಡೀನ್ ಹತ್ತಿರ ಹೋಗಿ, “ಒಳಗೆ ಕೂತು ಮಾತಾಡೋಣ ಸರ್. ಇಲ್ಲಿ ಬಿಸಿಲು ಬರುತ್ತೆ,” ಎಂದರು.

ಒಳಗೆ ನಡೆದದ್ದನ್ನು ಅವರೇ ಹೇಳಿ ಕೇಳಿದ್ದು. ಡೀನ್ ಮೆತ್ತಗಾಗಿದ್ದರು, ಆದರೆ ರಾತ್ರಿ ಮಾಡಿದವರನ್ನೆಲ್ಲ ಮನೆಗೆ ಕಳಿಸಿದರೆ ವಾರ್ಡು ನಡೆಸುವುದು ಹೇಗೆ ಎಂಬಲ್ಲಿ ಸಿಕ್ಕಿಕೊಂಡರು. ಅಕ್ಕ ಚೀಫ್ ಕಡೆ ತಿರುಗಿ, “ಪಾಳಿ ಹಾಕೋದು ಇಡೀ ಆಸ್ಪತ್ರೇಲಿ ಮೇಡಂ ಹಾಗೆ ಯಾರಿಗೂ ಬರಲ್ಲ ಸರ್. ಅವ್ರು ಮನಸ್ಸು ಮಾಡಿದ್ರೆ ಆಗತ್ತೆ,” ಎಂದರಂತೆ. ಹೊಗಳಿಕೆಯಲ್ಲ, ನಿಜ. ಚೀಫ್ ಡೀನ್ ಮೇಜಿನಿಂದ ಒಂದು ಹಾಳೆ ಎಳೆದುಕೊಂಡು ಗೆರೆ ಹಾಕತೊಡಗಿದರು. ಹಾಕುತ್ತ ಹಾಕುತ್ತ, ನಾವು ಮಾಡಲಿಲ್ಲವೇ ಎಂದು ಅಭ್ಯಾಸಬಲದಿಂದ ಶುರು ಮಾಡಿ, ಅರ್ಧಕ್ಕೇ ನಿಲ್ಲಿಸಿ, “ಮಾಡಿದ್ದೆವು. ನನ್ನ ಮಗಳ ಮೊದಲ ವರ್ಷ ನನಗೆ ಏನೂ ನೆನಪಿಲ್ಲ,” ಎಂದರಂತೆ.

ಸಂಜೆಯೊಳಗೆ ಆದೇಶ ಬಂತು: ರಾತ್ರಿ ಡ್ಯೂಟಿ ಮಾಡಿದವರು ಬೆಳಿಗ್ಗೆ ಕೆಲಸ ಒಪ್ಪಿಸಿ ಮನೆಗೆ ಹೋಗಬಹುದು, ಎಲ್ಲ ವಿಭಾಗದಲ್ಲೂ. ಸಂಘಕ್ಕೂ ಒಪ್ಪಿಗೆ ಸಿಕ್ಕಿತು. ನಾವು ಕುಣಿದೆವು. ಕ್ಯಾಂಟೀನಿನಲ್ಲಿ ಕೇಸರಿಬಾತ್ ಖಾಲಿಯಾಯಿತು. ಚೀಫ್ ಸೋತುಹೋದರು ಎಂದು ಯಾರೋ ಚಪ್ಪಾಳೆ ತಟ್ಟಿದಾಗ ಅಕ್ಕ ಗದರಿದರು: “ಏಯ್! ನಾಳೆಯಿಂದ ಅವ್ರ ಹತ್ರಾನೇ ಕಲೀಬೇಕು. ಎದುರಿಗಿರೋರಿಗೂ ಕೂರೋಕೆ ಒಂದು ಕುರ್ಚಿ ಬಿಡ್ರಿ.” ಮುಂದೆ ನಾನು ಎಷ್ಟೋ ಜಗಳಗಳನ್ನು ನೋಡಿದ್ದೇನೆ, ಕೆಲವನ್ನು ಆಡಿದ್ದೇನೆ. ಗೆಲ್ಲುವಾಗ ಆ ಕುರ್ಚಿ ಬಿಡುವವರನ್ನು ಹೆಚ್ಚು ಕಂಡಿಲ್ಲ.

ಪರೀಕ್ಷೆಯ ವಿಷಯ ಈಗಲೇ ಹೇಳಿಬಿಡುತ್ತೇನೆ. ಚೀಫ್ ಸಹಿ ಹಾಕಿದರು. ಸಹಿ ಹಾಕುವ ಮುಂಚೆ ಥೀಸಿಸ್ಸಿನ ಒಂದು ಇಡೀ ಅಧ್ಯಾಯವನ್ನು ಕೆಂಪು ಶಾಯಿಯಲ್ಲಿ ಕೆರೆದು ಮತ್ತೆ ಬರೆಸಿದರು, ಅದು ಬೇರೆ ಮಾತು. ಅಕ್ಕ ಪಾಸಾದರು, ಅದೂ ಚೆನ್ನಾಗಿಯೇ. ಈಗ ದಕ್ಷಿಣದ ಒಂದು ಸಣ್ಣ ಊರಿನ ಸರ್ಕಾರಿ ಆಸ್ಪತ್ರೆಯಲ್ಲಿದ್ದಾರೆ. ಅಲ್ಲಿಯ ನರ್ಸುಗಳಿಗೆ ಪಾಳಿಯ ಮಧ್ಯೆ ಕೂರಲು ಒಂದು ಕೋಣೆ ಬೇಕೆಂದು ಮೇಲಿನವರ ಜೀವ ತಿನ್ನುತ್ತಿದ್ದಾರೆ ಎಂದು ಕೇಳಿದೆ. ಕೋಣೆ ಸಿಗುತ್ತದೆ, ನನಗೆ ಅನುಮಾನವಿಲ್ಲ.

ಆದೇಶ ಬಂದ ಮೇಲೆ ನಮ್ಮಿಬ್ಬರ ಮೊದಲ ರಾತ್ರಿ ಡ್ಯೂಟಿ ಒಟ್ಟಿಗೇ ಬಿತ್ತು. ಬೆಳಿಗ್ಗೆ ಕೆಲಸ ಒಪ್ಪಿಸಿದೆವು. ಒಪ್ಪಿಸಿದ ಮೇಲೆ ಹೊರಡುವುದು ಹೇಗೆಂದೇ ಗೊತ್ತಾಗಲಿಲ್ಲ. ಚೀಲ ಹಿಡಿದು ವಾರ್ಡಿನ ಬಾಗಿಲಲ್ಲಿ ಕಳ್ಳರ ಹಾಗೆ ನಿಂತಿದ್ದೆವು. ಹಾಸ್ಟೆಲಿನಲ್ಲಿ ಗದ್ದಲ, ನಮ್ಮನೆಗೆ ಬಾ ಎಂದು ಅಕ್ಕ ಎಳೆದುಕೊಂಡು ಹೋದರು. ಊರೆಲ್ಲ ಕೆಲಸಕ್ಕೆ ಎದುರು ದಿಕ್ಕಿಗೆ ಹೋಗುತ್ತಿತ್ತು, ತಾಂಬರಂ ಟ್ರೈನಿನಲ್ಲಿ ನಮಗೆ ಕಿಟಕಿ ಪಕ್ಕವೇ ಜಾಗ ಸಿಕ್ಕಿತು.

ಬಾಗಿಲು ತೆರೆದ ಅಕ್ಕನ ತಾಯಿ ಮಗಳನ್ನು ಆ ಹೊತ್ತಿನಲ್ಲಿ ಕಂಡು ಹೌಹಾರಿದರು. “ಎನ್ನಾಚ್ಚು, ಏನಾಯ್ತು? ಯಾಕೇ ಈ ಹೊತ್ನಲ್ಲಿ ಬಂದೆ? ತೆಗೆದ್ಹಾಕ್ಬಿಟ್ರಾ?”

“ಒಂದೂ ಆಗ್ಲಿಲ್ಲಮ್ಮಾ. ರಾತ್ರಿ ಡ್ಯೂಟಿ ಮುಗೀತು, ಮನೆಗೆ ಬಂದೆ.”

“ಅಷ್ಟೇನಾ?”

“ಅಷ್ಟೇ.”

ಆ ತಾಯಿ ಮಗಳ ಕೈಯ ಚೀಲ ತೆಗೆದುಕೊಂಡು ಒಳಗಿಟ್ಟರು. ಆಮೇಲೆ ಮೊಸರನ್ನ ಕಲಸಿ ಕೊಟ್ಟರು. ನಡುಮನೆಯಲ್ಲಿ ಚಾಪೆ ಹಾಸಿ, ಫ್ಯಾನು ಹಾಕಿ, ಕಿಟಕಿಯ ಪರದೆ ಎಳೆದರು. ತಲೆ ದಿಂಬಿಗೆ ಮುಟ್ಟಿದ್ದು ನೆನಪಿದೆ, ಮುಂದಿನದು ನೆನಪಿಲ್ಲ.

ಎಚ್ಚರವಾದಾಗ ಬಿಸಿಲು ಪರದೆಯ ಇನ್ನೊಂದು ಕಡೆಗೆ ಸರಿದಿತ್ತು. ಯಾರೂ ಎಬ್ಬಿಸಿರಲಿಲ್ಲ, ಫೋನು ಬಡಿದುಕೊಂಡಿರಲಿಲ್ಲ, ತಾನಾಗಿ ಆದ ಎಚ್ಚರ. ಚೆನ್ನೈಗೆ ಬಂದ ಮೇಲೆ ಹಾಗೆ ಎದ್ದದ್ದು ಅದೇ ಮೊದಲು. ಪಕ್ಕದಲ್ಲಿ ಅಕ್ಕ ಕೈಕಾಲು ಚಾಚಿ, ಬಾಯಿ ತೆರೆದು ಮಲಗಿದ್ದರು. ಹೊರಗೆ ಯಾರೋ ಮದುವೆಯ ಕರೆಯೋಲೆ ಹಿಡಿದು ಬಂದವರು ಮಗಳು ಮನೆಯಲ್ಲಿದ್ದಾಳಾ ಎಂದು ಕೇಳುತ್ತಿದ್ದರು. ತಾಯಿಯ ದನಿ, ತಗ್ಗಿಸಿದ್ದರೂ, ಕಲೆಕ್ಟರು ಮೀಟಿಂಗಿನಲ್ಲಿದ್ದಾರೆ ಎನ್ನುವವರ ಗತ್ತಿನಲ್ಲಿ ಕೇಳಿಸಿತು:

“ಡಾಕ್ಟರ್ ತೂಂಗುರಾಂಗ. ಅಪ್ಪರಂ ವಾಂಗ.”

ಡಾಕ್ಟರು ನಿದ್ದೆ ಮಾಡುತ್ತಿದ್ದಾರೆ, ಆಮೇಲೆ ಬನ್ನಿ. ಆದೇಶ ಓದಿದಾಗಲೂ ನಾವು ಗೆದ್ದೆವು ಎಂದು ನನಗೆ ಪೂರ್ತಿ ನಂಬಿಕೆ ಬಂದಿರಲಿಲ್ಲ. ಆಗ ಬಂತು. ಮಗ್ಗುಲು ಬದಲಿಸಿ ಮತ್ತೆ ಮಲಗಿದೆ.